ಅಂಗುಸ್ತಾನದ ಅಡುಗೆ

ಸಾಮ್ರಾಜ್ಯಗಳು ಉರುಳಿದ ದಿನಗಳನ್ನು ಇತಿಹಾಸಕಾರರು ಗುರುತು ಹಾಕಿಟ್ಟುಕೊಳ್ಳುತ್ತಾರೆ. ಅವರು ಗಮನಿಸದೆ ಬಿಟ್ಟ, ಆದರೆ ಗಾಂಭೀರ್ಯದಲ್ಲಿ ಯಾವುದಕ್ಕೂ ಕಡಿಮೆಯಲ್ಲದ ಒಂದು ಘಟನೆಯನ್ನು ಇಲ್ಲಿ ಹೇಳಬೇಕಾಗಿದೆ: ಬೀದಿಯ ತಿರುವಿನ ಹೊಲಿಗೆ ಅಂಗಡಿಯ ಮಾಸ್ಟರು ಒಂದು ಬೆಳಿಗ್ಗೆ ತಮ್ಮ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡರು.

ಹಾಕಿಕೊಂಡು, ಕಲಕಿ, ಒಂದು ಗುಟುಕು ಕುಡಿದು, "ಆಹಾ, ಚೆನ್ನಾಗಿದೆ" ಎಂದರು.

ಅಡುಗೆಮನೆಯಲ್ಲಿದ್ದ ಮೂವರು ಹೆಂಗಸರೂ ಕೈಯಲ್ಲಿದ್ದುದನ್ನು ಅಲ್ಲಲ್ಲೇ ಬಿಟ್ಟು ಅವರನ್ನು ನೋಡಿದರು. ಮಾಸ್ಟರು ಸಕ್ಕರೆ ಮುಟ್ಟಿದವರಲ್ಲ. ಒಮ್ಮೆ ಯಾರೋ ಮರೆತು ಸಕ್ಕರೆ ಹಾಕಿಕೊಟ್ಟಾಗ ಲೋಟ ಸಮೇತ ಗೋಡೆಗೆ ಎಸೆದಿದ್ದರು. ಅದರ ಕಲೆಯ ಮೇಲೆ ಈಗ ಕ್ಯಾಲೆಂಡರು ತೂಗುತ್ತಿತ್ತು. ಇನ್ನು "ಚೆನ್ನಾಗಿದೆ" ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರು ಆ ಬೀದಿಯಲ್ಲಿ ಯಾರೂ ಜೀವಂತವಾಗಿರಲಿಲ್ಲ.

ಅವರು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ಮೂರು ದಿನವಾಗಿತ್ತಷ್ಟೇ. ಜ್ವರ ತಲೆಗೇರಿ, ಮಾತು ತೊದಲಿ, ಕತ್ತರಿ ಕೈಯಲ್ಲಿ ಹಿಡಿದೇ ಕಟಿಂಗ್ ಟೇಬಲ್ಲಿನ ಮೇಲೆ ಒರಗಿದ ಮನುಷ್ಯ, ವಾರಗಟ್ಟಲೆ ಕಣ್ಣು ಮುಚ್ಚಿ ಮಲಗಿದ್ದು ಎದ್ದು ಬಂದಿದ್ದರು. ಕಳಿಸಿಕೊಡುವಾಗ ಡಾಕ್ಟರು ಮಾಸ್ಟರ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಮೆದುಳಿನ ಊತ ಇನ್ನೂ ಪೂರ್ತಿ ಇಳಿದಿಲ್ಲಮ್ಮ. ಸ್ವಭಾವ ಸ್ವಲ್ಪ ಬೇರೆ ಥರ ಇರಬಹುದು. ಮೊದಲಿನ ಹಾಗೆ ಆಗಬಹುದು, ಆಗದೇನೂ ಇರಬಹುದು" ಎಂದಿದ್ದರು.

"ಯಾವಾಗ ಗೊತ್ತಾಗುತ್ತೆ ಡಾಕ್ಟ್ರೇ?"

"ಆದಾಗ ಗೊತ್ತಾಗುತ್ತೆ."

ಇದಕ್ಕಿಂತ ಖಚಿತವಾದ ಅಭಿಪ್ರಾಯ ಆಮೇಲೂ ಯಾರಿಂದಲೂ ಸಿಗಲಿಲ್ಲ.

ಆ ಮನೆ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಕೋಣೆ. ಬೀದಿಗೆ ಮುಖಮಾಡಿ ಅಂಗಡಿ. ಅಲ್ಲಿ ಕಟಿಂಗ್ ಟೇಬಲ್ಲು, ಎರಡು ಹೊಲಿಗೆ ಯಂತ್ರ, ಮೂಲೆಯಲ್ಲಿ ಹೆಂಡತಿ ಕೂತು ಗುಂಡಿ ಹಚ್ಚಿ, ಗುಂಡಿ ತೂರುವ ಕಾಜಾ ಮಾಡುವ ಸ್ಟೂಲು. ಅದರ ಹಿಂದಿನ ಕೋಣೆಯಲ್ಲಿ ಮಾಸ್ಟರ ಅಕ್ಕ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಈ ಕೆಲಸ ಹಿಡಿದ ಅವರನ್ನು ಬೀದಿಯವರು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅದರ ಹಿಂದೆ ಅಡುಗೆಮನೆ, ಅದರಾಚೆ ತಾಯಿಯ ಕೋಣೆ. ತಾಯಿಗೆ ಎಂಬತ್ತು ದಾಟಿತ್ತು. ಅವರಿಗೆ ಬೀದಿ ಇಟ್ಟ ಹೆಸರು ಕತೆಯಮ್ಮ.

ಕತೆಯಮ್ಮನ ಕತೆಗಳನ್ನು ಕೇಳಿ ಆ ಬೀದಿಯ ಎರಡು ತಲೆಮಾರು ಹಾಸಿಗೆ ಒದ್ದೆ ಮಾಡಿಕೊಂಡಿತ್ತು. ಅವರ ಕತೆಗಳಲ್ಲಿ ಎಲ್ಲರಿಗೂ ಏನಾದರೊಂದು ಅಂಗ ಕಡಿಮೆ. ಸೊಸೆಯ ಅಣ್ಣ ಪ್ರೊಫೆಸರು, ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು, ಒಂದು ರೆಕಾರ್ಡರು ಹಿಡಿದುಕೊಂಡು ಬಂದು ಅವನ್ನೆಲ್ಲ ಸಂಗ್ರಹಿಸಿ, ವಾರಪತ್ರಿಕೆಯೊಂದರ ಮಕ್ಕಳ ಪುಟದಲ್ಲಿ ಚಿತ್ರ ಸಮೇತ ಹಾಕಿಸಿದ್ದರು. ಮೊದಲ ಕತೆ ಅಚ್ಚಾದಾಗ ಅದನ್ನು ಓದಿಸಿ ಕೇಳಿದ ಕತೆಯಮ್ಮ, "ಇದು ಯಾರ ಕತೆ?" ಎಂದಿದ್ದರು.

"ನಿಮ್ಮದೇ ಅಮ್ಮ."

"ನನ್ನ ಕತೆಗೆ ಹಲ್ಲಿತ್ತಲ್ಲಪ್ಪ. ಯಾರು ಕಿತ್ತಿದ್ದು?"

ಪ್ರೊಫೆಸರು ನಕ್ಕಿದ್ದರು. ಮಕ್ಕಳ ಪುಟಕ್ಕೆ ಸ್ವಲ್ಪ ಸೋಸಬೇಕಾಗುತ್ತದೆ ಎಂದು ವಿವರಿಸಿದ್ದರು. ಸೋಸಿದ ಮೇಲೆ ಜರಡಿಯಲ್ಲಿ ಉಳಿದದ್ದನ್ನು ಎಲ್ಲಿಟ್ಟಿರಿ ಎಂದು ಆಗ ಯಾರೂ ಕೇಳಲಿಲ್ಲ.

ಸಕ್ಕರೆಯಾದ ಮೇಲೆ ಒಂದೊಂದೇ ಶುರುವಾಯಿತು. ಮಾಸ್ಟರು ಟೇಬಲ್ಲಿಗೆ ಮರಳಿದರು. ಕೈ ಮಾತ್ರ ಎಂದಿನಂತೆಯೇ ಕತ್ತರಿಸುತ್ತಿತ್ತು, ಒಂದು ಎಳೆ ಆಚೀಚೆಯಿಲ್ಲ. ಆದರೆ ಹೊಲಿಗೆಗೆ ಬಿಡುವ ಅಂಚನ್ನು ಧಾರಾಳವಾಗಿ ಬಿಡತೊಡಗಿದರು. "ಮುಂದೆ ದಪ್ಪ ಆದ್ರೆ ಬಿಚ್ಚಿಕೊಳ್ಳಲಿ ಪಾಪ" ಎನ್ನುತ್ತಿದ್ದರು. ಮೊದಲಾದರೆ ಟೇಪು ಸೊಂಟಕ್ಕೆ ಸುತ್ತಿ, "ಹೋದ ಸಲಕ್ಕಿಂತ ಮೂರಿಂಚು ತಿಂದಿದ್ದೀರಿ" ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳುತ್ತಿದ್ದ ಮನುಷ್ಯ. ಔಷಧಿ ಅಂಗಡಿಯ ಸ್ಥೂಲಕಾಯದ ಯಜಮಾನ ಪ್ಯಾಂಟಿನ ಅಳತೆ ಕೊಡಲು ಬಂದು, ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದವನು, "ಹೊಟ್ಟೆ ಇರಲಿ ಬಿಡಿ ಸಾರ್, ಬಟ್ಟೆ ಇರೋದೇ ಅದನ್ನ ನೋಡ್ಕೊಳ್ಳೋಕೆ" ಎಂಬ ಮಾತು ಕೇಳಿ ಗಾಬರಿಯಾಗಿ ಮಾಸ್ಟರ ಹೆಂಡತಿಯತ್ತ ತಿರುಗಿ, "ಮಾತ್ರೆ ಸರಿಯಾಗಿ ಕೊಡ್ತಿದ್ದೀರಿ ತಾನೆ?" ಎಂದು ಕೇಳಿದ.

ಹೆಂಡತಿಯ ಪಾಡು ಬೇರೆ. ಮದುವೆಯಾದಂದಿನಿಂದ ಆಕೆಗೆ ಗಂಡನಿಂದ ಬರುತ್ತಿದ್ದ ಮಾತುಗಳನ್ನು ಒಂದು ಅಂಗೈಯಲ್ಲಿ ಹಿಡಿಸಬಹುದಿತ್ತು: "ನೀರು." "ದಾರ." "ಎಲ್ಲಿ?" "ಯಾಕೆ?" ಸಿಟ್ಟು ಬಂದಾಗ ಮರದ ಅಳತೆ ಪಟ್ಟಿ ಹಾರಿ ಬರುತ್ತಿತ್ತು. ಅದು ತಾಗಿದ್ದು ಕಡಿಮೆ, ತಾಗುತ್ತದೇನೋ ಎಂದು ತಲೆ ತಗ್ಗಿಸಿದ್ದು ಹೆಚ್ಚು. ಈಗ ಅದೇ ಮನುಷ್ಯ ಸಂಜೆ ಅಂಗಡಿಯ ಶಟರು ಎಳೆದ ಮೇಲೆ, "ಬಾ, ಕೂತ್ಕೋ ಸ್ವಲ್ಪ. ಕಣ್ಣು ನೋಯಲ್ವಾ ನಿಂಗೆ, ಆ ಬೆಳಕಲ್ಲಿ ಕಾಜಾ ಮಾಡಿ?" ಎಂದು ಕೇಳುತ್ತಿದ್ದರು. ಕಣ್ಣು ನೋಯುತ್ತದೆಯೇ ಎಂದು ಆಕೆಯೇ ತನ್ನನ್ನು ಕೇಳಿಕೊಂಡಿರಲಿಲ್ಲ. ನೋಯುತ್ತಿತ್ತು.

ಆಕೆಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ಭಯವಾಯಿತು. ಗಂಡ ಪೂರ್ತಿ ವಾಸಿಯಾಗಲಿ ಎಂದು ಬೇಡಿಕೊಳ್ಳಬೇಕಾದ ಹೆಂಗಸು, ಆ ಊತ ಇನ್ನೊಂದಿಷ್ಟು ದಿನ ಇಳಿಯದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡಳು.

ಕತೆಯಮ್ಮ ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಬಟ್ಟೆ ಒಣಹಾಕುವಾಗ ಸೊಸೆಯ ಪಕ್ಕ ಬಂದು ನಿಂತರು.

"ಅವನು ಯಾರೇ?"

"ಯಾರು ಅತ್ತೆ?"

"ಮುಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸ್ತಿದಾನಲ್ಲ, ಅವನು."

"ನಿಮ್ಮ ಮಗ ಅತ್ತೆ. ಇನ್ಯಾರು?"

"ನನ್ನ ಮಗ ಥ್ಯಾಂಕ್ಸ್ ಹೇಳ್ತಾನಾ?"

"ಆಸ್ಪತ್ರೆಯಲ್ಲಿ ಕಲಿತಿರಬೇಕು."

"ಆಸ್ಪತ್ರೆಯಲ್ಲಿ ಕಲಿಸೋದು ಬಾಯಿ ಮುಚ್ಚಿಕೊಂಡು ಮಲಗೋಕೆ. ಇವನು ಹಾಡ್ತಾನಲ್ಲೇ! ಬೆಳಿಗ್ಗೆ ಮುಖ ತೊಳೀವಾಗ ಹಾಡ್ತಿದ್ದ. ನಾನು ಹೆತ್ತದ್ದು ಹಾಡಲ್ಲ."

ಸೊಸೆ ನಕ್ಕುಬಿಟ್ಟಳು. ಮುದುಕಿ ನಗಲಿಲ್ಲ. ಒದ್ದೆ ಬಟ್ಟೆಯ ಒಂದು ತುದಿ ಹಿಡಿದು ಹಿಂಡುತ್ತಾ, "ಬದಲಿ ಕತೆ ನೆನಪಿದೆಯಾ ನಿಂಗೆ?" ಎಂದರು.

ನೆನಪಿತ್ತು, ಅಣ್ಣ ಬರೆದದ್ದನ್ನು ಆಕೆ ಓದಿದ್ದಳು. ನೆಲದಡಿಯಲ್ಲಿ ಒಂದು ಜನ ಇದ್ದಾರೆ. ಮನೆಯಲ್ಲಿ ಯಾರಾದರೂ ಬಹಳ ದಿನ ಕಾಯಿಲೆ ಬಿದ್ದರೆ, ಅವರನ್ನು ಎತ್ತಿಕೊಂಡು ಹೋಗಿ, ಅದೇ ರೂಪದ ತಮ್ಮವನೊಬ್ಬನನ್ನು ಹಾಸಿಗೆಯಲ್ಲಿ ಬಿಡುತ್ತಾರೆ. ಅವನೇ ಬದಲಿ. ಅವನನ್ನು ಕಂಡುಹಿಡಿಯಲು ಒಂದೇ ಉಪಾಯ. ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುತ್ತಾರಲ್ಲ ಲೋಹದ ಟೋಪಿ, ಆ ಅಂಗುಸ್ತಾನದಲ್ಲಿ ನೀರು ಕಾಯಿಸಿ, ಒಂದೇ ಒಂದು ಅಕ್ಕಿಕಾಳು ಹಾಕಿ, ಊರಿಗೆಲ್ಲ ಅಡುಗೆ ಮಾಡುತ್ತಿದ್ದೇನೆ ಎನ್ನಬೇಕು. ಆ ಬದಲಿಯ ವಯಸ್ಸಿಗೆ ಮಿತಿಯಿಲ್ಲ. ಆದರೂ ಇಂಥದ್ದನ್ನು ಕಂಡಿರುವುದಿಲ್ಲ. ನಗು ತಡೆಯದೆ, "ಇಷ್ಟು ಕಾಲ ಬದುಕಿದ್ದೀನಿ, ಇಂಥ ಅಡುಗೆ ನೋಡಿರಲಿಲ್ಲ" ಎಂದುಬಿಡುತ್ತದೆ. ಗುಟ್ಟು ಬಯಲಾದ ನಾಚಿಕೆಗೆ ಓಡಿಹೋಗುತ್ತದೆ. ನಿಜವಾದವನು ನಗುತ್ತಾ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಮಕ್ಕಳ ಪುಟದಲ್ಲಿ ಕತೆ ಅಲ್ಲಿಗೆ ಮುಗಿದಿತ್ತು. ಪಕ್ಕದಲ್ಲಿ ಹಲ್ಲುಕಿರಿಯುವ ಅಂಗುಸ್ತಾನದ ಚಿತ್ರವಿತ್ತು.

"ಒಂದು ಸಲ ಮಾಡಿ ನೋಡೋಣ" ಎಂದರು ಕತೆಯಮ್ಮ.

"ಅಯ್ಯೋ ಅತ್ತೆ, ತಮಾಷೆ ನಿಮ್ಮದು."

"ತಮಾಷೆನೇ ಅಂದ್ಕೋ. ನಿನ್ನ ಅಂಗುಸ್ತಾನ ಕೊಡು. ನಂದು ತೂತಾಗಿದೆ."

ಕೊಟ್ಟಳು. ಆಕೆ ಆಮೇಲೆ ಎಷ್ಟೋ ಸಲ ಯೋಚಿಸಿದ ಸಂಗತಿ ಇದು: ಬೆರಳಿಂದ ಬಿಚ್ಚಿ, ಸೆರಗಿನಲ್ಲಿ ಒರೆಸಿ, ನಗುತ್ತಲೇ ಕೊಟ್ಟಳು. ಮುದುಕಿಗೊಂದು ಆಟ, ಆಟ ಮುಗಿದರೆ ಅನುಮಾನವೂ ಮುಗಿಯುತ್ತದೆ ಎಂದುಕೊಂಡಿದ್ದಳು.

ಮಧ್ಯಾಹ್ನ ಊಟ ಮುಗಿಸಿ ಮಾಸ್ಟರು ಇನ್ನೂ ಅಡುಗೆಮನೆಯಲ್ಲೇ ಕೂತಿದ್ದಾಗ ಕತೆಯಮ್ಮ ಒಲೆಯ ಮುಂದೆ ನಿಂತರು. ಇಕ್ಕಳದಲ್ಲಿ ಅಂಗುಸ್ತಾನ ಹಿಡಿದು, ಹನಿ ಹನಿಯಾಗಿ ನೀರು ಬಿಟ್ಟು, ಗ್ಯಾಸಿನ ಉರಿಯ ಮೇಲೆ ಹಿಡಿದರು. ಚಿಕ್ಕ ಗುಳ್ಳೆಗಳೆದ್ದವು. ಡಬ್ಬದಿಂದ ಒಂದು ಅಕ್ಕಿಕಾಳು ಹೆಕ್ಕಿ, ರುಚಿ ನೋಡುವವರ ಗಾಂಭೀರ್ಯದಿಂದ ಅದರೊಳಗೆ ಹಾಕಿದರು. ಇಸ್ತ್ರಿ ಅಕ್ಕ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ನಗು ಇರಲಿಲ್ಲವೆಂಬುದು ಹೆಂಡತಿಗೆ ಆಗ ಹೊಳೆಯಲಿಲ್ಲ.

"ಏನಮ್ಮ ಅದು?" ಎಂದರು ಮಾಸ್ಟರು.

"ಅಡುಗೆ. ಇಡೀ ಬೀದಿಗೆ."

ಮಾಸ್ಟರು ಒಂದು ಕ್ಷಣ ಆ ಅಂಗುಸ್ತಾನವನ್ನೇ ನೋಡಿದರು. ಹುಬ್ಬು ಮೇಲೇರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗೋಡೆಗಳು ಅಂಥ ನಗುವನ್ನು ಕೇಳಿರಲೇ ಇಲ್ಲ. ನಕ್ಕು, ಕಣ್ಣೊರೆಸಿಕೊಂಡು, "ಇಷ್ಟು ಕಾಲ ಬದುಕಿದ್ದೀನಿ, ಇಂಥ ಅಡುಗೆ ನೋಡಿರಲಿಲ್ಲ" ಎಂದರು.

ಕತೆಯಮ್ಮ ಉರಿ ಆರಿಸಿದರು. ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟು, ಯಾರನ್ನೂ ನೋಡದೆ ತಮ್ಮ ಕೋಣೆಗೆ ಹೋದರು.

ಸಂಜೆ ಶಟರು ಎಳೆದ ಮೇಲೆ ಹೆಂಡತಿ ಕೇಳಿದಳು: "ರೀ, ಮಧ್ಯಾಹ್ನ ಆ ಮಾತು ಯಾಕೆ ಆಡಿದ್ರಿ?"

"ಯಾವ ಮಾತು? ಓ, ಅದಾ! ಅಮ್ಮ ಚಿಕ್ಕಂದಿನಲ್ಲಿ ಹೇಳ್ತಿದ್ದ ಕತೆ ಅಲ್ವಾ ಅದು? ಪಾಪ, ನಾನು ಹುಷಾರಾದೆ ಅಂತ ಆಟ ಆಡ್ತಿದಾರೆ ಅನ್ನಿಸ್ತು. ಬದಲಿ ಹೇಳೋ ಮಾತು ಮರೆತೇ ಹೋಗಿತ್ತು ನೋಡು, ಟಕ್ ಅಂತ ಬಾಯಿಗೆ ಬಂತು. ಸರಿಯಾಗಿ ಹೇಳಿದ್ನಾ?"

"ಸರಿಯಾಗೇ ಹೇಳಿದ್ರಿ" ಎಂದಳು ಹೆಂಡತಿ. ಎದೆಯ ಭಾರ ಇಳಿಯಿತು. ತಾಯಿ ಹೇಳಿದ ಕತೆ ಮಗನಿಗಲ್ಲದೆ ಯಾರಿಗೆ ನೆನಪಿರುತ್ತದೆ? ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮಾರನೆಯ ದಿನ ಬೆಳಿಗ್ಗೆ ಆ ಸಾಕ್ಷಿಯನ್ನು ಅತ್ತೆಯ ಮುಂದೆ ಇಟ್ಟಳು. ಕತೆಯಮ್ಮ ಪೂರ್ತಿ ಕೇಳಿಸಿಕೊಂಡರು. ನ್ಯಾಯಾಧೀಶರು ಕೇಳಿಸಿಕೊಳ್ಳುವ ಹಾಗೆ.

"ಅದಕ್ಕೆ ಕತೆ ಗೊತ್ತಿರುತ್ತೆ" ಎಂದರು.

"ಅಂದ್ರೆ?"

"ಅದರದ್ದೇ ಕತೆ ತಾನೆ. ಗೊತ್ತಿಲ್ದೆ ಇರುತ್ತಾ?"

"ಗೊತ್ತಿರಲಿಲ್ಲ ಅಂದಿದ್ರೆ?"

"ನನ್ನ ಮಗನಿಗಾದ್ರೆ ಗೊತ್ತಿರಬೇಕಿತ್ತು."

ಈ ತರ್ಕಕ್ಕೆ ಬಾಗಿಲು ಎಷ್ಟಿದ್ದರೂ ಎಲ್ಲವೂ ಒಂದೇ ಕೋಣೆಗೆ ತೆರೆಯುತ್ತಿದ್ದವು. ಮುದುಕಿಯ ಕಣ್ಣಲ್ಲಿ ನೀರಿತ್ತು. ಅದೇ ಇನ್ನೂ ದಿಕ್ಕು ತಪ್ಪಿಸಿತು. "ನನ್ನ ಮಗು ಅಲ್ಲೆಲ್ಲೋ ಕತ್ತಲಲ್ಲಿ ಕೂತಿದೆ ಕಣೇ" ಎಂದರು ಕತೆಯಮ್ಮ. "ಕೋಪಿಷ್ಠ ಆಗ್ಲಿ, ಮೂಗ ಆಗ್ಲಿ, ನಂದು ಅದು. ನೀನಿಲ್ಲಿ ಈ ಹಾಡೋ ಪ್ರಾಣಿಗೆ ಸಕ್ಕರೆ ಕಲಕಿ ಕೊಡ್ತಿದೀಯ."

ಆ ಮಾತು ಸರಿಯಾದ ಜಾಗಕ್ಕೇ ತಾಗಿತು. ಹೌದಲ್ಲ, ಕೊಡುತ್ತಿದ್ದೇನೆ ಎಂದುಕೊಂಡಳು ಹೆಂಡತಿ. ಅವರು ಎಲ್ಲೋ ಇದ್ದರೆ? ಇದ್ದು, ನೀರು ಎಂದು ಕೇಳುತ್ತಿದ್ದರೆ? ಮರುಕ್ಷಣವೇ ತನಗೇನು ಬುದ್ಧಿ ಕೆಟ್ಟಿತೇ ಎನ್ನಿಸಿತು. ಕೆಟ್ಟದ್ದು ಯಾರದ್ದೆಂದು ನಿರ್ಧರಿಸಲಾಗದೆ ಅಂಗಡಿಗೆ ಬಂದು ಅಣ್ಣನಿಗೆ ಫೋನು ಮಾಡಿದಳು.

ಪ್ರೊಫೆಸರು ಮೊದಲು ನಕ್ಕರು. ಅಂಗುಸ್ತಾನ ಎಂದಾಗ, ಇಕ್ಕಳ ಎಂದಾಗ, ನಿಜವಾಗಲೂ ಅಕ್ಕಿ ಹಾಕಿದರೇ ಎಂದು ಕೇಳಿ ಇನ್ನೊಮ್ಮೆ ನಕ್ಕರು. ಮಾಸ್ಟರು ಆಡಿದ ಮಾತು ಹೇಳಿದ ಮೇಲೆ ನಗು ನಿಂತಿತು.

"ನಿಮ್ಮತ್ತೆ ಈಗ ಎಲ್ಲಿದ್ದಾರೆ?"

"ಒಳಗೆ. ಯಾಕೆ?"

"ಅಲ್ಲ... ನೋಡು, ನಾನು ಅಚ್ಚು ಹಾಕಿಸಿದ್ದು ಪೂರ್ತಿ ಕತೆ ಅಲ್ಲ."

"ಮುಗಿಯುತ್ತಲ್ಲಣ್ಣ. ನಾಚಿಕೆಯಾಗಿ ಓಡಿಹೋಗುತ್ತೆ."

"ಅದು ನಾನು ಸೇರಿಸಿದ್ದು. ಅವರು ಹೇಳಿದ್ರಲ್ಲಿ ಅದು ತಾನಾಗಿ ಹೋಗಲ್ಲ. ಬೆನ್ನಿಗೆ ಕಾದ ಇಸ್ತ್ರಿ ಪೆಟ್ಟಿಗೆ ಇಡಬೇಕು. ಅದು ಕೂಗಿದಾಗ ಕೆಳಗಿನವರಿಗೆ ಕೇಳಿಸಿ, ತಮ್ಮವನನ್ನ ಕರ್ಕೊಂಡು ಹೋಗಿ ನಿಜವಾದವನನ್ನ ಬಿಟ್ಟು ಹೋಗ್ತಾರೆ. ಮಕ್ಕಳ ಪುಟಕ್ಕೆ ಅದನ್ನ ಹೇಗೆ ಹಾಕಲಿ?"

ಪ್ರೊಫೆಸರಿಗೆ ಮೌನವೆಂದರೆ ತರಗತಿ, ಮುಂದುವರಿಸಿದರು. ಇಂಥ ಕತೆಗಳು ಒಂದು ಊರಿನದ್ದಲ್ಲ, ಎಷ್ಟೋ ದೇಶಗಳಲ್ಲಿವೆ. ನೆಲದಡಿಯ ಜನ ಕತೆಯಲ್ಲಿ ಮಾತ್ರ ಇದ್ದಾರೆ. ಸುಟ್ಟ ಗಾಯ ಮಾತ್ರ ಕತೆಯ ಹೊರಗೂ ಇದೆ. ಮಾತು ಬಾರದ ಮಕ್ಕಳು, ಬೆಳೆಯದ ಮಕ್ಕಳು, ಜ್ವರ ಬಂದು ಬೇರೆಯಾಗಿ ಎದ್ದವರು. ಅವರನ್ನು ಕೆಂಡದ ಹತ್ತಿರ ಹಿಡಿದ ತಂದೆ ತಾಯಂದಿರು ಕೋರ್ಟಿನಲ್ಲಿ ನಿಂತು, ಇದು ನಮ್ಮ ಮಗುವಲ್ಲ ಸ್ವಾಮಿ ಎಂದು ಕಣ್ಣೀರು ಹಾಕಿದ್ದನ್ನು ಅವರೇ ಓದಿದ್ದರು. "ಆ ಪರೀಕ್ಷೆ ಇದೆಯಲ್ಲ, ಅದರಲ್ಲಿ ಯಾರೂ ಪಾಸಾಗೋ ಹಾಗಿಲ್ಲ. ಅಂಗುಸ್ತಾನದಲ್ಲಿ ಅಡುಗೆ ಮಾಡಿದ್ರೆ ಯಾರು ತಾನೆ ನಗಲ್ಲ? ತೀರ್ಪು ಮೊದಲೇ ಆಗಿರುತ್ತೆ, ನಗೋದು ಸಹಿ ಅಷ್ಟೆ" ಎಂದರು. ವಾಕ್ಯ ಚೆನ್ನಾಗಿ ಬಂದದ್ದಕ್ಕೆ ಅರೆಕ್ಷಣ ಸುಮ್ಮನಾಗಿ, "ಏ, ನೀನು ಇನ್ನೂ ಫೋನಲ್ಲಿ ಯಾಕಿದೀಯ? ಭಾವನ ಹತ್ತಿರ ಹೋಗು. ನಾನು ಹೊರಟೆ" ಎಂದರು.

ಮಾಸ್ಟರು ಟೇಬಲ್ಲಿನ ಹತ್ತಿರ ಇರಲಿಲ್ಲ. ಅರ್ಧ ಕತ್ತರಿಸಿದ ಬಟ್ಟೆಯ ಮೇಲೆ ಸೀಮೆಸುಣ್ಣ ಇತ್ತು. ಹಿಂದಿನ ಕೋಣೆಯಲ್ಲಿ ಇಸ್ತ್ರಿ ಅಕ್ಕ ಬಟ್ಟೆಗೆ ನೀರು ಚಿಮುಕಿಸುತ್ತಾ ನಿಂತಿದ್ದರು.

"ಅತ್ತಿಗೆ, ಇವರೆಲ್ಲಿ?"

"ಅಮ್ಮ ಕರೆದ್ರು. ಆಸ್ಪತ್ರೆಯಲ್ಲಿ ಮಲಗಿ ಮಲಗಿ ಬೆನ್ನು ಹುಣ್ಣಾಗಿದೆಯಲ್ಲ, ಮುಲಾಮು ಹಚ್ತೀನಿ ಅಂತ."

"ಇಸ್ತ್ರಿ ಪೆಟ್ಟಿಗೆ ಎಲ್ಲಿ?"

ಇಸ್ತ್ರಿ ಅಕ್ಕ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ. "ಅದೂ ಬೇಕು ಅಂದ್ರು."

"ಗೊತ್ತಿದ್ದೂ ಕೊಟ್ರಾ?"

"ಒಂದು ಸಲ ವಾಸಿಯಾಗಿದೆ" ಎಂದರು ಇಸ್ತ್ರಿ ಅಕ್ಕ. ಹರಿದ ಅಂಗಿಗೆ ತೇಪೆ ಹಾಕಿದ್ದರ ಬಗ್ಗೆ ಮಾತಾಡಿದಂಥ ದನಿ. "ಅವನ ಬೆನ್ನ ಮೇಲೆ ಕಲೆ ಇದೆಯಲ್ಲ, ದೋಣಿ ಮೂತಿ ಥರದ್ದು. ಬಿದ್ದು ಆಗಿದ್ದಲ್ಲ ಅದು. ಇನ್ನೂ ಶಾಲೆಗೆ ಸೇರಿರಲಿಲ್ಲ ಅವನು. ದೊಡ್ಡ ಜ್ವರ ಬಂದು ಎದ್ದ ಮೇಲೆ ಹೀಗೇ ಆಗಿದ್ದ. ಸುಮ್ಸುಮ್ನೆ ನಗೋದು, ಸಕ್ಕರೆ ಡಬ್ಬಕ್ಕೆ ಕೈ ಹಾಕೋದು, ಎಲ್ಲರನ್ನೂ ತಬ್ಕೊಳ್ಳೋದು. ಅಮ್ಮ ಇಸ್ತ್ರಿ ಇಟ್ರು. ಕಾಲು ಹಿಡ್ಕೊಂಡಿದ್ದು ನಾನೇ. ಆಮೇಲೆ ಗಂಭೀರ ಆದ, ಕೆಲಸ ಕಲಿತ. ನೀನೇ ನೋಡಿದೀಯಲ್ಲ."

"ಜ್ವರಕ್ಕೆ ಮುಂಚೆ ಹೇಗಿದ್ರು?"

ಇಸ್ತ್ರಿ ಅಕ್ಕನ ಕೈ ಆಗ ನಿಂತಿತು. ಹುಬ್ಬು ಗಂಟಿಕ್ಕಿ ಯೋಚಿಸಿದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂಬುದು ಕಾಣುತ್ತಿತ್ತು.

"ಮುಂಚೆನೂ... ನಗ್ತಿದ್ದ ಅನ್ಸುತ್ತೆ" ಎಂದರು. "ಇಲ್ವೇನೋ. ನಾನೂ ಚಿಕ್ಕವಳು."

ಹೆಂಡತಿ ಅಡುಗೆಮನೆ ದಾಟಿ ಓಡಿದಳು.

ಕತೆಯಮ್ಮನ ಕೋಣೆಯಲ್ಲಿ ಕಿಟಕಿ ತೆರೆದಿತ್ತು. ಬಿಸಿಲು ಹಾಸಿಗೆಯ ಮೇಲೆ ಅಚ್ಚುಕಟ್ಟಾಗಿ ಬಿದ್ದಿತ್ತು. ಮಾಸ್ಟರು ಅಂಗಿ ಬಿಚ್ಚಿ, ಬೆನ್ನು ತೋರಿಸಿ, ಮೊಣಕಾಲ ಮೇಲೆ ಕೈಯಿಟ್ಟು ಕೂತು ಯಾವುದೋ ಹಾಡು ಗುನುಗುತ್ತಿದ್ದರು. ಹಿಂದೆ ಮುದುಕಿ ಎರಡೂ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದರು. ಕತೆಯಲ್ಲಿ ಕೆಂಡ ಹಾಕುವ ಪೆಟ್ಟಿಗೆ, ಇದು ಕರೆಂಟಿನದು. ಗುಂಡಿಯನ್ನು ರೇಷ್ಮೆ, ಉಣ್ಣೆ ಎಲ್ಲ ದಾಟಿಸಿ ಹತ್ತಿಗೆ ತಿರುಗಿಸಿಟ್ಟಿದ್ದರು. ಅತಿ ಹೆಚ್ಚು ಬಿಸಿ ಅದೇ.

"ತಣ್ಣಗಿರುತ್ತಾ ಅಮ್ಮ ಮುಲಾಮು?" ಎಂದರು ಮಾಸ್ಟರು.

"ಒಂದು ನಿಮಿಷ ಕಂದಾ" ಎಂದರು ಕತೆಯಮ್ಮ. ಯಾರಿಗೆ ಕಂದಾ ಎಂದರೋ ಅವರಿಗೇ ತಿಳಿಯಬೇಕು.

ಪೆಟ್ಟಿಗೆ ಮುಂದೆ ಬಂತು. ಹೆಂಡತಿ ಅದಕ್ಕೂ ಮಾಸ್ಟರ ಬೆನ್ನಿಗೂ ನಡುವೆ ಕೈ ತೂರಿಸಿದಳು. ಹಿಡಿಕೆ ಸಿಗಲಿಲ್ಲ, ಸಿಕ್ಕಿದ್ದು ತಳ.

ಆಕೆಯ ಕೂಗು ಔಷಧಿ ಅಂಗಡಿಯವರೆಗೂ ಕೇಳಿಸಿತಂತೆ. ಯಜಮಾನ ಮುಲಾಮಿನ ಟ್ಯೂಬು ಹಿಡಿದೇ ಓಡಿಬಂದ.

ಮಾಸ್ಟರು ಚಂಗನೆ ಎದ್ದು ತಿರುಗಿದರು. ಗಾಢ ನಿದ್ದೆಯಿಂದ ಎಬ್ಬಿಸಿದವರ ಹಾಗೆ ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ತಾಯಿಯನ್ನು, ಪೆಟ್ಟಿಗೆಯನ್ನು, ಕೈ ಎದೆಗೊತ್ತಿಕೊಂಡು ನೆಲಕ್ಕೆ ಕುಸಿದ ಹೆಂಡತಿಯನ್ನು. ಮುಖದಲ್ಲಿ ಏನೋ ಗಂಟು ಬಿಗಿಯಿತು.

"ಲೇ! ಬುದ್ಧಿ ಇದೆಯೇನೇ ನಿಂಗೆ?" ಎಂದು ಗರ್ಜಿಸಿದರು. "ಕಾದ ಇಸ್ತ್ರಿಗೆ ಕೈ ಕೊಡ್ತಾರಾ ಯಾರಾದ್ರೂ? ಕತ್ತೆ! ಅಂಗಡಿಯಲ್ಲಿ ಯಾರಿದ್ದಾರೆ? ನನ್ನ ಅಂಗಿ ಎಲ್ಲಿ?"

ಕತೆಯಮ್ಮ ಪೆಟ್ಟಿಗೆಯನ್ನು ಎಚ್ಚರದಿಂದ ಅದರ ಹಿಮ್ಮಡಿಯ ಮೇಲೆ ನಿಲ್ಲಿಸಿ, ಸ್ವಿಚ್ಚು ಆರಿಸಿ, ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತರು. "ಬಂದೆಯಾ ಮಗನೇ. ಬಂದೆಯಾ."

"ಎಲ್ಲಿಗೆ ಹೋಗಿದ್ದೆ ಬರೋಕೆ?" ಎಂದು ಮಾಸ್ಟರು ಆ ಕೈಗಳನ್ನು ತಳ್ಳಿ, ಅಂಗಿ ಹುಡುಕುತ್ತಾ ಹೊರಗೆ ಹೋದರು.

ಪ್ರೊಫೆಸರು ಬಂದಾಗ ತಂಗಿಯ ಕೈಗೆ ಬಟ್ಟೆ ಸುತ್ತಿ ಆಗಿತ್ತು. ಅವರಿಗೆ ಮೊದಲು ಸಿಟ್ಟು ಬಂತು, ಆಮೇಲೆ ವಿವರಣೆ ಬಂತು. ಊತ ಹೇಗಿದ್ದರೂ ಇಳಿಯುತ್ತಿತ್ತು, ಆಘಾತಕ್ಕೆ ಹಳೆಯ ಅಭ್ಯಾಸ ಮರುಕಳಿಸಿದೆ, ಇಸ್ತ್ರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅಡುಗೆಮನೆಯಲ್ಲಿ ನಿಂತು ವಿವರಿಸಿದರು. "ಅವರಿಗೆ ನೀವು ತಾಗಿಸಲೇ ಇಲ್ಲವಲ್ಲ ಅಮ್ಮ! ಅವರು ಕೂಗಲೇ ಇಲ್ಲ! ನಿಮ್ಮ ಕತೆಯ ಪ್ರಕಾರವೂ ಇದು ಆಗಬಾರದು."

"ಕೂಗು ಬೇಕು ಅಂತ ಕತೆ ಹೇಳುತ್ತೆ" ಎಂದರು ಕತೆಯಮ್ಮ. "ಯಾರ ಕೂಗು ಅಂತ ಎಲ್ಲಿ ಹೇಳುತ್ತೆ?"

ಪ್ರೊಫೆಸರು ತಮ್ಮ ಸಂಗ್ರಹವನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದಂತೆ ಕಂಡಿತು.

ಹೆಂಡತಿಗೆ ಈ ವಾದದಲ್ಲಿ ಆಸಕ್ತಿ ಇರಲಿಲ್ಲ. ಆಕೆಯ ಲೆಕ್ಕ ಬೇರೆ ಕಡೆ ಸಿಕ್ಕಿಕೊಂಡಿತ್ತು. ಶಾಲೆಗೆ ಹೋಗುವ ಮುಂಚೆ ನಗುತ್ತಿದ್ದ ಹುಡುಗನನ್ನು ಓಡಿಸಿ ಇವರನ್ನು ತಂದರೇ? ಹಾಗಾದರೆ ತಾನು ಮದುವೆಯಾದದ್ದು ಯಾರನ್ನು? ಈ ಕೆಲವು ವಾರ ಸಂಜೆ ಪಕ್ಕದಲ್ಲಿ ಕೂತು ಕಣ್ಣು ನೋಯುತ್ತದೆಯೇ ಎಂದು ಕೇಳಿದವನು ಬದಲಿಯೋ, ಅಥವಾ ಇಷ್ಟು ವರ್ಷ ಎಲ್ಲೋ ಕೂತಿದ್ದು ಒಂದಿಷ್ಟು ದಿನಕ್ಕೆಂದು ಮನೆಗೆ ಬಂದ ನಿಜವಾದ ಮಗನೋ? ಯಾವ ಕಡೆಯಿಂದ ಎಣಿಸಿದರೂ ಒಬ್ಬ ಮನುಷ್ಯ ಹೆಚ್ಚಾಗುತ್ತಿದ್ದ, ಇಲ್ಲವೇ ಒಬ್ಬ ಕಡಿಮೆಯಾಗುತ್ತಿದ್ದ.

ಗಾಯ ಒಣಗುವ ಹೊತ್ತಿಗೆ ಒಂದು ಬೆಳಿಗ್ಗೆ ಧೈರ್ಯ ಮಾಡಿ ಅಂಗಡಿಯಲ್ಲಿ ಕೇಳಿದಳು: "ರೀ, ಅವತ್ತು ಅತ್ತೆ ಅಂಗುಸ್ತಾನದಲ್ಲಿ ಅಡುಗೆ ಮಾಡಿದ್ದು ನೆನಪಿದೆಯಾ ನಿಮಗೆ?"

ಮಾಸ್ಟರು ಕತ್ತರಿಯಿಂದ ತಲೆ ಎತ್ತಲಿಲ್ಲ.

"ಯಾವ ಅಂಗುಸ್ತಾನ? ಅದನ್ನೂ ಕಳೆದು ಹಾಕಿದ್ಯಾ?"

ಅವರ ಕೈ ಬಟ್ಟೆಯ ಅಂಚನ್ನು ಒಂದು ಎಳೆಯೂ ಧಾರಾಳವಾಗದ ಹಾಗೆ ಕತ್ತರಿಸುತ್ತಾ ಹೋಯಿತು.

ಆ ತಿಂಗಳ ತಪಾಸಣೆಯಲ್ಲಿ ಡಾಕ್ಟರು ಮಾಸ್ಟರು ಪೂರ್ತಿ ಗುಣವಾಗಿದ್ದಾರೆ ಎಂದರು. ಹೆಂಡತಿ ಆಸ್ಪತ್ರೆಯಿಂದ ನೇರ ಅಣ್ಣನ ಮನೆಗೆ ಹೋದಳು. ಈಗ ಅಲ್ಲೇ ಇದ್ದಾಳೆ.